ನಾಲ್ಕನೆಯ ಗುಂಪು

ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ಇಪ್ಪತ್ತನಾಲ್ಕು ವರ್ಷ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗಿದ ಫಕ್ಕೀರಪ್ಪನಿಗೆ ಸಭೆಯೆಂದರೆ ಅಂಜಿಕೆ ಇರಲಿಲ್ಲ. ಹಾಗಾಗಿ ಅವನು ವೇದಿಕೆಯ ಮೇಲೆ ನಿಂತು "ಎಲ್ಲಾರಿಗೂ ಶರಣು" ಎಂದವನು ಮುಂದಿನ ಮಾತಿಗೆ ತಡವರಿಸಿದಾಗ, ಮೂರನೆಯ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ ದಾಕ್ಷಾಯಣಿ, ಸಂತೋಷಕ್ಕೆ ಗಂಟಲು ಕಟ್ಟಿರಬೇಕು ಎಂದುಕೊಂಡಳು. ಸಭೆಯೂ ಹಾಗೆಯೇ ತಿಳಿದು ಚಪ್ಪಾಳೆ ತಟ್ಟಿತು.

ಫಕ್ಕೀರಪ್ಪ ಮತ್ತೆ ಬಾಯಿ ತೆರೆದ. ಮೈಕಿನಲ್ಲಿ ಮಾತು ಬರಲಿಲ್ಲ. ಹಸಿ ಅಂಟಿನಿಂದ ಕಾಗದ ಕಿತ್ತಂಥ ಒಂದು ಸದ್ದು ಬಂತು. ಅವನು ತೋರುಬೆರಳನ್ನು ಬಾಯಿಗೆ ಹಾಕಿ, ಅಂಗುಳಕ್ಕೆ ಅಂಟಿಕೊಂಡಿದ್ದ ನಾಲಿಗೆಯನ್ನು ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದ. ಬಿಡಿಸಿಕೊಂಡಾಗ ಬೆರಳಿನ ತುದಿಯಲ್ಲಿ ರಕ್ತವಿತ್ತು. ಚಪ್ಪಾಳೆ ನಿಂತಿತು. ಸಾವಿರ ಮಂದಿ ತುಂಬಿದ್ದ ಸಭಾಂಗಣದಲ್ಲಿ ಫ್ಯಾನುಗಳ ಸದ್ದಷ್ಟೇ ಉಳಿಯಿತು. ಅವನು ಜನರನ್ನೆಲ್ಲ ಬಿಟ್ಟು ಹೆಂಡತಿಯ ಕಡೆಗೆ ನೋಡಿದ. ಮದುವೆಯಾದಾಗಿನಿಂದ ಅವನ ಕಣ್ಣಿನಲ್ಲಿ ಅಂಥ ಹೆದರಿಕೆಯನ್ನು ದಾಕ್ಷಾಯಣಿ ಕಂಡಿರಲಿಲ್ಲ. ಮುಂದಿನ ಕ್ಷಣ ಅವನು ಮೈಕಿನ ಸಮೇತ ಕುಸಿದು ಬಿದ್ದ.

ಅದು 'ಮಧುಸೂಚಿ' ಯೋಜನೆಗೆ ಎರಡು ವರ್ಷ ತುಂಬಿದ ಸಂಭ್ರಮದ ಸಭೆ. ಎಳ್ಳಿನ ಕಾಳಿನಷ್ಟು ಸಣ್ಣ ಒಂದು ಸಾಧನ. ಜನರ ಬಾಯಲ್ಲಿ ಅದರ ಹೆಸರೂ ಎಳ್ಳೇ ಆಗಿತ್ತು. ಜೊಲ್ಲುಗ್ರಂಥಿಯಿಂದ ಬಾಯಿಗೆ ನೀರು ಹರಿಯುವ ನಾಳದೊಳಗೆ ಅದನ್ನು ಕೂರಿಸಿದರೆ, ಜೊಲ್ಲಿನಲ್ಲಿರುವ ಸಕ್ಕರೆಯನ್ನು ಅಳೆದು ತಾಸಿಗೊಮ್ಮೆ ನಿಯಂತ್ರಣ ಕೊಠಡಿಗೆ ತಿಳಿಸುತ್ತಿತ್ತು. ಬೆರಳು ಚುಚ್ಚಿಕೊಳ್ಳುವ ಕಾಟವಿಲ್ಲ, ರಕ್ತವಿಲ್ಲ. ಸಕ್ಕರೆ ಏರಿದರೆ ಇಷ್ಟು ಮಾತ್ರೆ ಹೆಚ್ಚು, ಇಳಿದರೆ ಇಷ್ಟು ಕಡಿಮೆ ಎಂದು ಮೊಬೈಲಿಗೆ ಸೂಚನೆ ತಾನೇ ಬರುತ್ತಿತ್ತು. ಒಂದೇ ನಾಳಕ್ಕೆ ಆಯಾಸವಾಗಬಾರದೆಂದು ಆರು ತಿಂಗಳಿಗೊಮ್ಮೆ ಎಳ್ಳನ್ನು ಇನ್ನೊಂದು ನಾಳಕ್ಕೆ ಬದಲಿಸುತ್ತಿದ್ದರು. ನಾಲಿಗೆಯ ಕೆಳಗೆ ಎರಡು, ಕೆನ್ನೆಯೊಳಗೆ ಎರಡು, ಒಟ್ಟು ನಾಲ್ಕು ದೊಡ್ಡ ನಾಳ. ಏಳು ಜಿಲ್ಲೆಗಳಲ್ಲಿ ಮೂರು ಲಕ್ಷ ನಲವತ್ತು ಸಾವಿರ ಸಕ್ಕರೆ ಕಾಯಿಲೆಯವರು ಅದನ್ನು ಹಾಕಿಸಿಕೊಂಡಿದ್ದರು. ಎಲ್ಲರಿಗಿಂತ ಮೊದಲ ತಂಡದಲ್ಲಿ ಹಾಕಿಸಿಕೊಂಡವನು, ಮೊಬೈಲಿನ ಚಾರ್ಟಿನಲ್ಲಿ ಸಕ್ಕರೆ ಹತೋಟಿಯಲ್ಲಿದೆ ಎನ್ನುವ ಹಸಿರು ಒಂದು ದಿನವೂ ತಪ್ಪದವನು ಎಂದು ಫಕ್ಕೀರಪ್ಪನಿಗೆ ಅವತ್ತು ಶಾಲು ಹೊದಿಸಿದ್ದರು.

ಅವನನ್ನು ಮಧುಸೂಚಿ ನಡೆಸುತ್ತಿದ್ದ, ದಾಕ್ಷಾಯಣಿಯೂ ಕೆಲಸ ಮಾಡುತ್ತಿದ್ದ ಸಂಶೋಧನಾ ಕೇಂದ್ರದ ಆಸ್ಪತ್ರೆಗೇ ತಂದರು. ನಿಯಂತ್ರಣ ಕೊಠಡಿಯಲ್ಲಿ ಪಾಳಿಯ ಮೇಲಿದ್ದ ಡಾಕ್ಟರ್ ಆಫ್ರೀನ್ ಓಡಿ ಬಂದಳು. ಮೂವತ್ತರೊಳಗಿನ ಹುಡುಗಿ, ದಾಕ್ಷಾಯಣಿಯನ್ನು ಅಕ್ಕ ಎಂದೇ ಕರೆಯುತ್ತಿದ್ದವಳು. ಫಕ್ಕೀರಪ್ಪನ ದವಡೆಯ ಕೆಳಗೆ ಕೈ ಆಡಿಸಿ ನೋಡಿದಳು. ಮೆತ್ತಗಿರಬೇಕಾದ ಗ್ರಂಥಿ ಅಡಕೆಯಷ್ಟು ಗಟ್ಟಿಯಾಗಿತ್ತು.

"ಬಾಯಿ ಯಾವಾಗಿಂದ ಒಣಗಾಕ ಹತ್ತೇತ್ರಿ?"

ಒದ್ದೆ ಹತ್ತಿಯಿಂದ ತುಟಿ ಒರೆಸಿದ ಮೇಲೆ ಫಕ್ಕೀರಪ್ಪ ಕಷ್ಟಪಟ್ಟು ಹೇಳಿದ: "ಎರಡು ತಿಂಗಳಾತು. ಬಾಯಾಗ ಮರಳು ತುಂಬಿದಂಗ."

"ನನಗ ಯಾಕ ಹೇಳಲಿಲ್ರಿ?" ಎಂದಳು ದಾಕ್ಷಾಯಣಿ.

"ಚಾರ್ಟು ಹಸಿರು ಇತ್ತಲ್ಲ. ಏನಂತ ಹೇಳ್ಲಿ?"

ಅದು ನಿಜವೇ. ಅವನು ಊಟದ ತಟ್ಟೆಯ ಪಕ್ಕ ದೊಡ್ಡ ಚೊಂಬು ಇಟ್ಟುಕೊಳ್ಳುವುದನ್ನು ಅವಳೂ ನೋಡಿದ್ದಳು. ಮೊದಲಾಗಿದ್ದರೆ ಸಕ್ಕರೆ ಏರಿರಬೇಕೆಂದು ಅಂಜುತ್ತಿದ್ದಳು. ಈಗ ಮೊಬೈಲ್ ತೆಗೆದು, ಹಸಿರು ಚುಕ್ಕೆ ನೋಡಿ, ಬಿಸಿಲಿನ ಝಳ ಎಂದು ಸುಮ್ಮನಾಗಿದ್ದಳು.

ಆಫ್ರೀನ್ ತುರ್ತು ಘಟಕದ ಕಪಾಟಿನ ಮೂಲೆಯಿಂದ ಬೆರಳು ಚುಚ್ಚುವ ಹಳೆಯ ಯಂತ್ರ ಹುಡುಕಿ ತಂದಳು. ಒಮ್ಮೆ ಚುಚ್ಚಿದಳು. ಯಂತ್ರವನ್ನು ತಿರುಗಿಸಿ ನೋಡಿ ಮತ್ತೊಮ್ಮೆ ಚುಚ್ಚಿದಳು. ಆಮೇಲೆ ಅದನ್ನು ದಾಕ್ಷಾಯಣಿಯ ಮುಂದೆ ಹಿಡಿದಳು. ನಾನೂರ ಹನ್ನೆರಡು. ಹಾಸಿಗೆಯ ಪಕ್ಕದ ಪರದೆಯಲ್ಲಿ, ಅದೇ ಮನುಷ್ಯನ ಹೆಸರಿನ ಮುಂದೆ, ಅದೇ ಗಳಿಗೆಯಲ್ಲಿ ಮಧುಸೂಚಿ ನೂರ ಎಂಟು ಎಂದು ಹಸಿರಾಗಿ ಉರಿಯುತ್ತಿತ್ತು.

"ನಾವು ಇವರ ಮಾತ್ರಿ ಎರಡು ಸಲ ಇಳಿಸೇವಿ ಅಕ್ಕಾ," ಎಂದಳು ಆಫ್ರೀನ್. ಅವಳ ದನಿ ಅವಳಿಗೇ ಕೇಳಿಸಿತೋ ಇಲ್ಲವೋ.

ಫಕ್ಕೀರಪ್ಪನಿಗೆ ಇನ್ಸುಲಿನ್ ಡ್ರಿಪ್ ಹಚ್ಚಿ, ಆಪರೇಷನ್ ಮಾಡಿ ಬಾಯಿಯಲ್ಲಿದ್ದ ಎಳ್ಳನ್ನು ತೆಗೆದರು. ದವಡೆಯ ಗ್ರಂಥಿಗೆ ದಪ್ಪ ಸೂಜಿ ಚುಚ್ಚಿ ಅಕ್ಕಿಕಾಳಿನಷ್ಟು ಮಾಂಸ ತೆಗೆದರು. ಆ ಕೇಂದ್ರದಲ್ಲಿ ಮಾಂಸದ ತುಣುಕುಗಳನ್ನು ಮೇಣದಲ್ಲಿ ಅಚ್ಚು ಹಾಕಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಕೂರಿಸಿ ಬಣ್ಣ ಕಟ್ಟುವ ಕೆಲಸ ಹತ್ತೊಂಬತ್ತು ವರ್ಷಗಳಿಂದ ದಾಕ್ಷಾಯಣಿಯದು. ಬೇರೆಯವರು ಮಾಡಲಿ ಎಂದು ಆಫ್ರೀನ್ ಅಂದಳು. ದಾಕ್ಷಾಯಣಿ ಕೊಡಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಗಂಡನ ಗ್ರಂಥಿಯ ತುಣುಕನ್ನು ಅವಳು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಆರೋಗ್ಯವಂತ ಜೊಲ್ಲುಗ್ರಂಥಿ ನೋಡಲು ಬಲು ಚೆಂದ. ದ್ರಾಕ್ಷಿ ಗೊಂಚಲಿನ ಹಾಗೆ ಒತ್ತೊತ್ತಾಗಿ ಕೋಶಗಳು, ಅವುಗಳ ನಡುವೆ ಕಾಲುವೆಯಂತೆ ನಾಳಗಳು. ಈ ಗಾಜಿನಲ್ಲಿ ಗೊಂಚಲು ಇರಲಿಲ್ಲ. ಒಂದೂ ಇರಲಿಲ್ಲ. ಅಲ್ಲಲ್ಲಿ ಬರಿದಾದ, ಬಾಯಿ ಅಗಲಿಸಿಕೊಂಡ ನಾಳಗಳು. ಸುತ್ತಲೂ ಬಿಳಿ ಗುಳ್ಳೆಗಳಂತೆ ಕೊಬ್ಬು. ಎಲ್ಲವನ್ನೂ ಬಿಗಿದುಕೊಂಡ ಗುಲಾಬಿ ಬಣ್ಣದ ನಾರು. ಎಳ್ಳನ್ನು ಈ ಗ್ರಂಥಿಯ ನಾಳದಿಂದ ತೆಗೆದು ಒಂದೂವರೆ ವರ್ಷವಾಗಿತ್ತು. ಈ ಹೊತ್ತಿಗೆ ಗ್ರಂಥಿ ಮತ್ತೆ ಚಿಗುರಿರಬೇಕಿತ್ತು. ಇಡೀ ಯೋಜನೆ ನಿಂತಿದ್ದೇ ಆ ನಂಬಿಕೆಯ ಮೇಲೆ.

ಈ ಚಿತ್ರವನ್ನು ಅವಳು ಮೊದಲೇ ನೋಡಿದ್ದಳು.

ಎದ್ದು ಉಗ್ರಾಣಕ್ಕೆ ಇಳಿದಳು. ಆರು ವರ್ಷದ ಹಿಂದಿನ ಇಲಿಗಳ ಪ್ರಯೋಗದ ಪೆಟ್ಟಿಗೆಗಳು ಅಲ್ಲಿದ್ದವು. ನಾಳ ಮುಚ್ಚಿದರೆ ಗ್ರಂಥಿ ಏನಾಗುತ್ತದೆಂದು ನೋಡಲು ಅಂದು ನಾಲ್ಕು ಗುಂಪು ಮಾಡಿದ್ದರು. ಮೊದಲನೆಯದು ಏನೂ ಮಾಡದ ಇಲಿಗಳು. ಎರಡನೆಯದು ಸಕ್ಕರೆ ಕಾಯಿಲೆ ಬರಿಸಿದವು. ಮೂರನೆಯದು ಆರೋಗ್ಯವಾಗಿದ್ದು ನಾಳ ಮಾತ್ರ ಕಟ್ಟಿದವು. ಕಟ್ಟು ಬಿಚ್ಚಿದ ಕೆಲವು ವಾರಗಳಲ್ಲಿ ಅವುಗಳ ಗ್ರಂಥಿ ಮಳೆ ಬಿದ್ದ ಗರಿಕೆಯಂತೆ ಮತ್ತೆ ಬೆಳೆದಿತ್ತು. ನಾಲ್ಕನೆಯದು ಸಕ್ಕರೆ ಕಾಯಿಲೆಯೂ ಇದ್ದು ನಾಳವನ್ನೂ ಕಟ್ಟಿದವು. ಆ ಗುಂಪಿನ ಮೇಣದ ಅಚ್ಚುಗಳನ್ನು ತಂದು ಅವಳು ಮತ್ತೆ ಕೊಯ್ದಳು. ಕಟ್ಟಿದ ಇಪ್ಪತ್ತೊಂದು ದಿನದೊಳಗೆ ಬಿಚ್ಚಿದ ಇಲಿಗಳಲ್ಲಿ ಅಷ್ಟಿಷ್ಟು ಗೊಂಚಲು ಮರಳಿತ್ತು. ಇಪ್ಪತ್ತೊಂದು ದಾಟಿದವುಗಳಲ್ಲಿ ಕೊಬ್ಬು, ನಾರು, ಬರಿದಾದ ನಾಳ. ಫಕ್ಕೀರಪ್ಪನ ಗಾಜನ್ನು ಅದರ ಪಕ್ಕ ಇಟ್ಟರೆ ಇಲಿ ಯಾವುದು, ಗಂಡ ಯಾವುದು ಎಂದು ಹೇಳುವಂತಿರಲಿಲ್ಲ.

ಪೆಟ್ಟಿಗೆಯೊಳಗೆ ರಿಜಿಸ್ಟರ್ ಇತ್ತು. ನಾಲ್ಕನೆಯ ಗುಂಪಿನ ಹಾಳೆಯ ಮೇಲೆ ಅಡ್ಡಗೆರೆ ಎಳೆದು ಒಂದು ಪದ ಬರೆದಿತ್ತು: 'ಅನರ್ಹ'. ಕೆಳಗೆ ಸಹಿ. ಅಕ್ಷರವೂ ಸಹಿಯೂ ಅವಳದೇ.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಇನಾಮದಾರರು ಎಳ್ಳನ್ನು ರೂಪಿಸಿದವರು. ಅವಳು ರಿಜಿಸ್ಟರ್ ಎದೆಗವಚಿಕೊಂಡು ಅವರ ಕೋಣೆಗೆ ಹೋದಾಗ ಅವರು ಚಹಾ ಕುಡಿಯುತ್ತಿದ್ದರು.

"ಬರ್ರಿ ದಾಕ್ಷಾಯಣಿ. ಫಕ್ಕೀರಪ್ಪನವರು ಹ್ಯಾಂಗಿದ್ದಾರ?"

ಅವಳು ರಿಜಿಸ್ಟರಿನ ಆ ಹಾಳೆ ತೆರೆದು ಮೇಜಿನ ಮೇಲಿಟ್ಟಳು. ಮೇಲೆ ಎರಡು ಗಾಜು ಇಟ್ಟಳು. ಕೋಣೆಯಲ್ಲೇ ಇದ್ದ ಸೂಕ್ಷ್ಮದರ್ಶಕದಲ್ಲಿ ಅವರು ಒಂದಾದ ಮೇಲೆ ಒಂದು ನೋಡಿದರು.

"ಎರಡೂ ಇಲಿದು ಏನ್ರಿ?"

"ಒಂದು ನಮ್ಮ ಮನಿಯವರದು ಸರ್."

ಇನಾಮದಾರರು ಕುರ್ಚಿಗೆ ಒರಗಿದರು. "ಆ ಇಲಿಗಳಿಗೆ ಬ್ಯಾರೆ ಸೋಂಕಿತ್ತು ಅಂತ ಅನ್ನಿಸಿತ್ತು ನನಗ. ಸೊರಗಿದ್ದವು ಅಲ್ಲೇನು ಅವು? ಸತ್ತವೂ ಬಹಳ ಇದ್ದವು."

"ನೀವು ಅಂದ್ರಿ, ನಾನು ಬರದೆ. ಮೂರನೇ ಗುಂಪು ಚಲೋ ಚಿಗುರಿತ್ತು ಅಂತ ಅದನ್ನ ಹಿಡಕೊಂಡು ಮುಂದ ಹ್ವಾದ್ವಿ. ಆದರ ಎಳ್ಳು ಹಾಕಿಸಿಕೊಂಡವರು ಯಾರೂ ಮೂರನೇ ಗುಂಪಿನವರಲ್ಲ ಸರ್. ಎಲ್ಲಾರಿಗೂ ಸಕ್ಕರಿ ಕಾಯಿಲೆ ಐತಿ. ಮೂರು ಲಕ್ಷ ನಲವತ್ತು ಸಾವಿರ ಮಂದೀನೂ ನಾಲ್ಕನೇ ಗುಂಪು."

"ಆದರ ಎಳ್ಳು ನಾಳ ಕಟ್ಟೋದಿಲ್ಲಲ್ಲ! ಪಕ್ಕದಾಗ ಜೊಲ್ಲು ಹರೀಲಿಕ್ಕೆ ದಾರಿ ಇಟ್ಟೇನಿ ನಾನು."

"ಸಕ್ಕರಿ ಇದ್ದವರ ಜೊಲ್ಲು ದಪ್ಪ ಸರ್. ಆ ದಾರಿ ಮುಚ್ಚೇತಿ. ಎಳ್ಳಿನ ಸುತ್ತ ಕಲ್ಲು ಬೆಳದೈತಿ, ಆಪರೇಷನ್ ಮಾಡಿದವರು ತೋರಿಸಿದ್ರು. ಹಿಂದ ನಿಂತ ನೀರಿನಾಗ ಹುಳ ಹುಟ್ಟಿ ಸಕ್ಕರಿ ತಿಂತಾವ. ಅದಕ್ಕ ಲೆಕ್ಕ ಕಡಿಮಿ ಬರತೈತಿ."

ಇನಾಮದಾರರು ನಿಧಾನವಾಗಿ ಕೈ ಎತ್ತಿ ತಮ್ಮ ಎಡಗೆನ್ನೆಯನ್ನು ಹೊರಗಿನಿಂದ ಮುಟ್ಟಿಕೊಂಡರು. ಆಗ ದಾಕ್ಷಾಯಣಿಗೆ ನೆನಪಾಯಿತು: ಅವರಿಗೂ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ತಾವು ಮಾಡಿದ್ದನ್ನು ತಾವೂ ಹಾಕಿಕೊಳ್ಳಬೇಕೆಂದು ಹಟ ಹಿಡಿದು, ಮೊದಲ ತಂಡವಾದ ಆರು ತಿಂಗಳಿಗೆ ಹಾಕಿಸಿಕೊಂಡವರು.

"ಮೂರನೇ ನಾಳದಾಗ ಅದ," ಎಂದರು. "ನಾಲ್ಕನೇದಕ್ಕ ಮುಂದಿನ ವಾರ ಬದಲಿಸೋರಿದ್ದರು." ಚಹಾದ ಕಪ್ಪನ್ನು ಎತ್ತಿಕೊಂಡು, ಕುಡಿಯದೆ, ಅದನ್ನೇ ನೋಡಿದರು. "ಊಟದಾಗ ಹುಳಿ ನಾಲಿಗಿಗೆ ಹತ್ತವಲ್ಲದು ಅಂತ ಮನ್ಯಾಗ ದಿನಾ ಜಗಳಾಡಲಿಕ್ಕೆ ಹತ್ತೇನಿ."

ಇಬ್ಬರೂ ನಿಯಂತ್ರಣ ಕೊಠಡಿಗೆ ಹೋದರು. ಅಲ್ಲಿ ಒಂದು ಗೋಡೆಯ ತುಂಬ ಪರದೆ. ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಚುಕ್ಕೆ. ಧಾರವಾಡ, ಗದಗ, ಹಾವೇರಿ ಎಂದು ನಕ್ಷೆಯ ಮೇಲೆ ಹರಡಿದ ಆ ಹಸಿರನ್ನು ನೋಡಲು ಮಂತ್ರಿಗಳು, ವಿದೇಶದ ವೈದ್ಯರು ಬಂದು ಹೋಗಿದ್ದರು. ಆಫ್ರೀನ್ ಅದರ ಮುಂದೆ ನಿಂತಿದ್ದಳು. ನಿದ್ದೆಗೆಟ್ಟ ಅವಳ ಕಣ್ಣುಗಳು ಕೆಂಪಾಗಿದ್ದವು.

"ಸರ್, ನಿಮಗ ಒಂದು ತೋರಿಸಬೇಕು," ಎಂದಳು. "ಎಳ್ಳು ಹೊಸ ನಾಳಕ್ಕ ಬದಲಿಸಿದಾಗ ಮೊದಲ ಹತ್ತು ದಿನದ ಲೆಕ್ಕ ನಾವು ಹಿಡಿಯೂದಿಲ್ಲ. ಅದಿನ್ನೂ ಕುಂತಿಲ್ಲ, ತಪ್ಪು ತೋರಸ್ತೈತಿ ಅಂತ ಬಿಟ್ಟುಬಿಡ್ತೀವಿ. ಆ ಬಿಟ್ಟ ಹತ್ತು ದಿನದ್ದಷ್ಟ ಈಗ ಹಾಕ್ತೀನಿ."

ಅವಳು ಒಂದು ಗುಂಡಿ ಒತ್ತಿದಳು. ಲಕ್ಷಾಂತರ ಚುಕ್ಕೆಗಳು ಆರಿಹೋದವು. ಉಳಿದವು ಈ ಹತ್ತು ದಿನದಲ್ಲಿ ಎಳ್ಳು ಬದಲಿಸಿಕೊಂಡವರ ಹದಿನೆಂಟು ಸಾವಿರ ಚುಕ್ಕೆಗಳು. ನಾಳ ಇನ್ನೂ ತೆರೆದಿರುವ, ಜೊಲ್ಲು ಇನ್ನೂ ಹರಿಯುತ್ತಿರುವ ಬಾಯಿಗಳು. ಅವುಗಳಲ್ಲಿ ಮುಕ್ಕಾಲು ಪಾಲು ಕೆಂಪು.

ಪರದೆಯ ಕೆಂಪು ಇನಾಮದಾರರ ಕನ್ನಡಕದಲ್ಲಿ ಹೊಳೆಯುತ್ತಿತ್ತು. ನಿಜವಾದ ಲೆಕ್ಕ ಹತ್ತು ದಿನ ಮಾತ್ರ ಬರುತ್ತಿತ್ತು. ಅದನ್ನೇ ಅವರು ಎಸೆಯುತ್ತಿದ್ದರು. ನಾಳ ಮುಚ್ಚಿದ ಮೇಲೆ ಬಂದ ಹಸಿರನ್ನು ನಂಬಿ ಮಾತ್ರೆ ಇಳಿಸಿದ್ದರು. ಮಾತ್ರೆ ಇಳಿದಷ್ಟೂ ಸಕ್ಕರೆ ಏರಿ ಗ್ರಂಥಿ ಇನ್ನಷ್ಟು ಬೇಗ ಸತ್ತಿತ್ತು.

"ಬೆಂಗಳೂರಿಗೆ ತಿಳಸೋಣ," ಎಂದರು ಇನಾಮದಾರರು ಕೊನೆಗೆ. "ಸಮಿತಿ ಕೂಡಬೇಕಾಗತದ. ಮೂರು ದಿನ, ನಾಕು ದಿನ... ಒಮ್ಮೆಲೆ ಹೇಳಿದರ ಮಂದಿ ಗಾಬರಿ ಆಗತಾರ."

"ಎಳ್ಳು ಬದಲಿಸಿ ಇಪ್ಪತ್ತೊಂದು ದಿನ ಆಗದವರು ಎಷ್ಟು ಮಂದಿ ಅದಾರ ಆಫ್ರೀನ್?" ಎಂದು ಕೇಳಿದಳು ದಾಕ್ಷಾಯಣಿ.

"ಮೂವತ್ತೊಂಬತ್ತು ಸಾವಿರ."

"ದಿನಾ ಎಷ್ಟು ಮಂದಿ ಆ ಗೆರಿ ದಾಟತಾರ?"

"ಸಾವಿರದ ಎಂಟುನೂರರ ಮ್ಯಾಲೆ."

ದಾಕ್ಷಾಯಣಿ ಇನಾಮದಾರರ ಕಡೆ ತಿರುಗಿದಳು. ಹತ್ತೊಂಬತ್ತು ವರ್ಷದಲ್ಲಿ ಅವರೆದುರು ದನಿ ಎತ್ತಿದವಳಲ್ಲ. "ಸಮಿತಿ ಕೂಡೂದ್ರಾಗ ಒಂದು ಊರಿಗೆ ಊರ ಬಾಯಿ ಬತ್ತತೈತಿ ಸರ್. ಮಾತ್ರಿ ಇಳಿಸಿಕೊಂಡವರು ಇವತ್ತ ಬೀಳತಾರ, ನಮ್ಮ ಮನಿಯವರು ಬಿದ್ದಂಗ. ಗಾಬರಿ ಆಗಲಿ. ಗಾಬರಿ ಆಗೂ ಸುದ್ದೀನ ಐತಿ ಇದು."

ಇನಾಮದಾರರು ಕುರ್ಚಿಯೊಂದನ್ನು ಎಳೆದುಕೊಂಡು ಕೂತರು. ಅರವತ್ತರ ಹತ್ತಿರದ ಆ ಮನುಷ್ಯ ಎರಡು ದಿನದಲ್ಲಿ ಅಲ್ಲ, ಎರಡು ನಿಮಿಷದಲ್ಲಿ ಮುದುಕನಾದಂತೆ ಕಂಡರು.

"ಬರಕೋ ಆಫ್ರೀನ್," ಎಂದರು. "ಎಲ್ಲಾರಿಗೂ ಈಗ ಹೋಗಬೇಕು. ಎಳ್ಳಿನ ಲೆಕ್ಕ ನಂಬಬ್ಯಾಡ್ರಿ. ಇವತ್ತೇ ಬೆರಳು ಚುಚ್ಚಿಸಿ ರಕ್ತ ನೋಡಿಸ್ರಿ, ಹಳೆ ಮಾತ್ರೆಯ ಬಗ್ಗೆ ಹತ್ತಿರದ ಡಾಕ್ಟರನ್ನ ಕೇಳ್ರಿ. ಎಳ್ಳು ತೆಗೆಸಿಕೊಳ್ರಿ. ಹೊಸದಾಗಿ ಬದಲಿಸಿಕೊಂಡವರು ಮೊದಲು ಬರ್ರಿ. ಇದು ನಮ್ಮ ತಪ್ಪು. ಕೆಳಗ ನನ್ನ ಹೆಸರು ಹಾಕು."

"ನಂದೂ ಹಾಕು," ಎಂದಳು ದಾಕ್ಷಾಯಣಿ.

"ನಿಮ್ಮದ್ಯಾಕ ಅಕ್ಕಾ?"

"ರಿಜಿಸ್ಟರಿನಾಗ ಐತಿ. ಇದರಾಗೂ ಇರಲಿ." ಆಮೇಲೆ, ಯಾರೂ ಕೇಳದಿದ್ದರೂ, "ಇಷ್ಟು ವರ್ಷ ನನಗ ಅದು ಮರೆತು ಹೋಗಿತ್ತು," ಎಂದಳು.

ಮೂರು ಗಂಟೆ ಹತ್ತು ನಿಮಿಷಕ್ಕೆ ಆಫ್ರೀನ್ ಸಂದೇಶ ಕಳಿಸಿದಳು. ಮೂರೂಕಾಲಿಗೆ ಕೇಂದ್ರದ ಫೋನುಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳತೊಡಗಿದವು. ಐದರ ಹೊತ್ತಿಗೆ ಗೇಟಿನ ಹೊರಗೆ ಜನ ಸೇರಿದ್ದರು. ಕೆಲವರು ಬಯ್ಯುತ್ತಿದ್ದರು, ಕೆಲವರು ಅಳುತ್ತಿದ್ದರು. ಬಹಳ ಮಂದಿ ಏನೂ ಮಾಡದೆ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಒಬ್ಬ ಮುದುಕಿ ತೆಗೆಸಿಕೊಳ್ಳುವವರೆಗೆ ತಡೆಯಲಾರದೆ ಸರದಿಯಲ್ಲೇ ನಾಲಿಗೆಯ ಕೆಳಗೆ ಉಗುರು ಹಾಕಿಕೊಂಡು ರಕ್ತ ಮಾಡಿಕೊಂಡಿದ್ದಳು.

ಮೊದಲ ನಾಲ್ಕು ದಿನದಲ್ಲಿ ಏಳು ಜಿಲ್ಲೆಗಳ ದಂತವೈದ್ಯರೆಲ್ಲ ಸೇರಿ ಇಪ್ಪತ್ತೊಂದು ದಿನದ ಗೆರೆ ದಾಟದ ಮೂವತ್ತೊಂದು ಸಾವಿರ ಮಂದಿಯ ಎಳ್ಳು ತೆಗೆದರು. ಅವರಿಗೆ ಕನಿಷ್ಠ ಆ ಒಂದು ಗ್ರಂಥಿ ಉಳಿಯಿತು. ಮೊದಲ ನಾಳದಲ್ಲೇ ಇದ್ದವರಿಗೆ ಉಳಿದ ಮೂರೂ ಉಳಿದವು. ಮೊದಲ ತಂಡದ ಹನ್ನೆರಡು ಸಾವಿರ ಮಂದಿಗೆ ಉಳಿದದ್ದು ಏನೂ ಇಲ್ಲ. ತುಟಿಯ ಒಳಬದಿಯ ಸಣ್ಣ ಗ್ರಂಥಿಗಳು ಬಾಯಿ ತುಸು ತೇವ ಮಾಡುತ್ತಿದ್ದವು ಅಷ್ಟೆ. ಹಲ್ಲುಗಳು ಒಂದೊಂದಾಗಿ ಹುಳುಕಾಗುವವು, ರುಚಿ ಹೋಗುವುದು, ಗಟ್ಟಿ ತುತ್ತು ಇಳಿಯದು ಎಂದು ಅವರಿಗೆ ತಿಳಿಸುವ ಕೆಲಸವನ್ನು ಇನಾಮದಾರರು ತಾವೇ ವಹಿಸಿಕೊಂಡರು. ತನಿಖೆಯವರು ಬಂದಾಗ ರಿಜಿಸ್ಟರನ್ನು ತಾವೇ ಅವರ ಕೈಗೆ ಕೊಟ್ಟರು. ದಾಕ್ಷಾಯಣಿಗೂ ನೋಟೀಸು ಬಂತು. ಆದರೆ ಸಾವಿರಗಟ್ಟಲೆ ತುಣುಕು ಕೊಯ್ದು ನೋಡುವವರು ಬೇರೆ ಇರಲಿಲ್ಲವಾದ್ದರಿಂದ ವಿಚಾರಣೆ ಮುಗಿಯುವವರೆಗೆ ಕೆಲಸ ಮುಂದುವರಿಸಲು ಹೇಳಿದರು.

ಹನ್ನೊಂದನೆಯ ದಿನ ಫಕ್ಕೀರಪ್ಪ ಮನೆಗೆ ಬಂದ. ಮರುದಿನ ಬೆಳಿಗ್ಗೆ ದಾಕ್ಷಾಯಣಿ ರಾಗಿ ಅಂಬಲಿ ತೆಳ್ಳಗೆ ಮಾಡಿ ಅವನ ಮುಂದಿಟ್ಟಳು. ಅವನು ಒಂದೊಂದೇ ಚಮಚ ಬಾಯಿಗೆ ಹಾಕಿ, ಗುಟುಕು ಗುಟುಕಿನ ನಡುವೆ ನೀರು ಕುಡಿದು, ಕಣ್ಣು ಮುಚ್ಚಿ ನುಂಗುತ್ತಿದ್ದ. ಅವನು ಅರ್ಧ ಮುಗಿಸುವವರೆಗೆ ಕಾದು, ಎದುರಿಗೆ ಕೂತು, ಅವಳು ನಾಲ್ಕನೆಯ ಗುಂಪಿನ ಕತೆಯನ್ನೆಲ್ಲ ಹೇಳಿದಳು. ಇಲಿಗಳು, ಗಾಜು, ರಿಜಿಸ್ಟರು, ತನ್ನ ಕೈಬರಹ. ಸಂದೇಶದ ಕೆಳಗೆ ಅವಳ ಹೆಸರನ್ನು ಅವನು ಆಸ್ಪತ್ರೆಯಲ್ಲೇ ಓದಿದ್ದ. ಏನೂ ಕೇಳಿರಲಿಲ್ಲ.

ಈಗ ಚಮಚ ಕೆಳಗಿಟ್ಟ.

"ನನಗ ಹಾಕಿಸಾಕ ಕರಕೊಂಡು ಹೋದಾಕಿ ನೀನು," ಎಂದ. ಮಾತು ತುಂಡು ತುಂಡಾಗಿ, ಬಟ್ಟೆ ಉಜ್ಜಿದಂತೆ ಬರುತ್ತಿತ್ತು. "ಮೊದಲ ತಂಡದಾಗ ಹೆಸರು ಬರೆಸಿದಾಕಿ ನೀನು. ಆವತ್ತು, ಅಲ್ಲಿ ಕುಂತಾಗ, ಆ ಇಲಿ ನಿನಗ ನೆನಪಿದ್ದವೇನು?"

ಆಫ್ರೀನಳಿಗೆ ಹೇಳಿದ ಮಾತು, ತನಿಖೆಯವರಿಗೆ ಬರೆದುಕೊಟ್ಟ ಮಾತು ದಾಕ್ಷಾಯಣಿಯ ನಾಲಿಗೆಯ ತುದಿಗೇ ಬಂದಿತ್ತು. ಆವತ್ತು ಆ ಕುರ್ಚಿಯಲ್ಲಿ ಅವನು ಬಾಯಿ ತೆರೆದು ಕೂತಿದ್ದು, ವೈದ್ಯರು ದೀಪ ಹಚ್ಚಿದ್ದು, ತಾನು ಅವನ ಹೆಗಲ ಮೇಲೆ ಕೈ ಇಟ್ಟಿದ್ದು ಎಲ್ಲ ಕಣ್ಣ ಮುಂದೆ ಬಂತು. ಇಲಿಗಳಿಗೆ ಸೋಂಕಿತ್ತು ಎಂದು ದೊಡ್ಡವರು ಹೇಳಿದ್ದಾರೆ, ಅವರಿಗಿಂತ ನನಗೆ ಹೆಚ್ಚು ಗೊತ್ತೇ ಎಂದು ಆಗ ತನಗೆ ತಾನೇ ಹೇಳಿಕೊಂಡದ್ದೂ ಬಂತು. ಮರೆತವರು ಹಾಗೆ ಹೇಳಿಕೊಳ್ಳಬೇಕಾಗಿರುವುದಿಲ್ಲ.

"ನೆನಪಿದ್ದವು," ಎಂದಳು.

ಫಕ್ಕೀರಪ್ಪ ಅವಳ ಮುಖವನ್ನು ನೋಡುತ್ತಲೇ ಇದ್ದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಪರಿಚಯವಿಲ್ಲದ ಹೆಂಗಸೊಬ್ಬಳು ತನ್ನ ಮನೆಯಲ್ಲಿ ಬಂದು ಕೂತಿರುವುದನ್ನು ಈಗಷ್ಟೇ ಕಂಡವನ ನೋಟ ಅದು. ಅವಳು ಬೈಗುಳಕ್ಕೆ ಕಾದಳು, ಅಂಬಲಿಯ ಬಟ್ಟಲು ಗೋಡೆಗೆ ಹೋಗಿ ಬಡಿಯಲೆಂದೂ ಕಾದಳು. ಏನೂ ಆಗಲಿಲ್ಲ. ಬೀದಿಯಲ್ಲಿ ಹೂವಿನವಳು ಕೂಗುತ್ತ ಹೋದಳು.

"ತನಿಖೆಯವರಿಗೆ ಹಿಂಗ ಬರದು ಕೊಟ್ಟಿಯೇನು?"

"ಇಲ್ಲ. ಮರತಿದ್ದೆ ಅಂತ ಬರದೇನಿ."

ಅವನು ಲೋಟ ಎತ್ತಿ, ಮಾತಾಡಲು ಬೇಕಾದಷ್ಟು ನೀರು ಕುಡಿದ.

"ಹಂಗಾರ ಮೊದಲು ಅಲ್ಲಿ ಹೋಗು," ಎಂದ. "ಇದನ್ನ ಬರದು ಕೊಡು. ಆಮ್ಯಾಲೆ ಮನೀಗೆ ಬಾ."

ದಾಕ್ಷಾಯಣಿ ಎದ್ದು ಸೆರಗು ಸರಿಮಾಡಿಕೊಂಡಳು. ಬಾಗಿಲ ಹತ್ತಿರ ಹೋಗಿ, ಅವನು ಇನ್ನೇನಾದರೂ ಹೇಳಬಹುದೆಂದು ಒಂದು ಗಳಿಗೆ ನಿಂತಳು. ಅವನು ಮತ್ತೆ ಚಮಚ ಎತ್ತಿಕೊಂಡ. ಅವಳು ಮೆಟ್ಟಿಲಿಳಿದು, ತನಿಖೆಯವರ ಕಚೇರಿ ತೆರೆಯಲು ಇನ್ನೂ ಅರ್ಧ ಗಂಟೆ ಇದ್ದರೂ, ಸರಸರ ನಡೆಯತೊಡಗಿದಳು.